ತೊಂಬತ್ತೆಂಟು ಪಾಯಿಂಟ್ ನಾಲ್ಕು

ಅಕ್ಕನನ್ನು ಆಸ್ಪತ್ರೆಯಿಂದ ಮನೆಗೆ ಕರೆದುಕೊಂಡು ಹೊರಟಾಗ ಡಾಕ್ಟರ್ ನನ್ನ ಕೈಗೆ ಅರ್ಧ ಹಾಳೆ ಕೊಟ್ಟರು. ಅದರಲ್ಲಿ ಐದು ಸಾಲುಗಳಿದ್ದವು. ಮೊದಲ ನಾಲ್ಕು ಸಾಲು ಊಟ, ನೀರು, ಸ್ವಚ್ಛತೆಗೆ ಸೇರಿದವು. ಐದನೆಯದರ ಕೆಳಗೆ ಅವರೇ ಪೆನ್ನಿನಿಂದ ಎರಡು ಗೆರೆ ಎಳೆದಿದ್ದರು: ಜ್ವರ ನೂರು ಪಾಯಿಂಟ್ ನಾಲ್ಕು ಮುಟ್ಟಿದರೆ ಒಂದು ತಾಸಿನೊಳಗೆ ಆಸ್ಪತ್ರೆಯಲ್ಲಿರಬೇಕು, ಮನೆಯಲ್ಲಿ ಜ್ವರದ ಗುಳಿಗೆ ಕೊಡಬಾರದು.

"ಗುಳಿಗೆ ಯಾಕೆ ಬೇಡ?" ಎಂದು ಕೇಳಿದೆ. ಕೇಳುವುದು ನನ್ನ ಚಟ. ಡಾಕ್ಟರ್ ಬಾಯಿ, ಇಲ್ಲಿ ಹೆಂಗಸರಿಗೆ ಹಾಗೇ ಅನ್ನುವುದು, ಮರಾಠಿಯಲ್ಲಿ ನಿಧಾನವಾಗಿ ಬಿಡಿಸಿ ಹೇಳಿದರು. ಈ ಔಷಧಿ ಕೆಟ್ಟ ಕಣಗಳ ಜೊತೆ ಒಳ್ಳೆಯ ಬಿಳಿಕಣಗಳನ್ನೂ ಕೊಲ್ಲುತ್ತದೆ. ಎರಡು ವಾರ ಅವರ ಮೈಯಲ್ಲಿ ಕಾವಲುಗಾರರೇ ಇರುವುದಿಲ್ಲ. ಸೋಂಕು ಹೊಕ್ಕರೆ ಬಾವು ಬರುವುದಿಲ್ಲ, ಕೀವಾಗುವುದಿಲ್ಲ, ಜ್ವರ ಒಂದೇ ಬರುತ್ತದೆ. ಕಳ್ಳ ಬಂದದ್ದು ತಿಳಿಯುವುದು ನಾಯಿ ಬೊಗಳಿದಾಗ, ನೀವು ನಾಯಿಯ ಬಾಯಿ ಕಟ್ಟಬೇಡಿ ಎಂದರು. ನಾನು ತಲೆಯಾಡಿಸಿದೆ. ಇಷ್ಟು ಸಣ್ಣ ನಿಯಮ ಪಾಲಿಸುವುದು ನನಗೇನು ದೊಡ್ಡದು ಅಂದುಕೊಂಡೆ.

ಯಾಕೆಂದರೆ ಅಳೆಯುವುದೇ ನನ್ನ ಉದ್ಯೋಗ. ಭೋಸರಿಯ ಒಂದು ಕಾರ್ಖಾನೆಯಲ್ಲಿ ನಾನು ಇನ್‌ಸ್ಪೆಕ್ಟರ್. ಮಷಿನ್ನಿನಿಂದ ಇಳಿದ ಉಕ್ಕಿನ ಪಿನ್ನುಗಳನ್ನು ಮೈಕ್ರೋಮೀಟರಿನಲ್ಲಿ ಹಿಡಿದು ನೋಡುವುದು, ಅಂಕಿ ಬರೆಯುವುದು, ಕೂದಲೆಳೆಯಷ್ಟು ತಪ್ಪಿದ್ದರೂ ಕೆಂಪು ಚೀಟಿ ಅಂಟಿಸುವುದು. ಅಕ್ಕ ನನಗಿಂತ ಒಂಬತ್ತು ವರ್ಷ ದೊಡ್ಡವಳು. ಗಂಡ ತೀರಿಕೊಂಡ ಮೇಲೆ ಬೈಲಹೊಂಗಲದಿಂದ ಹೊಲಿಗೆ ಮಷಿನ್ನು, ನಾನು, ಎರಡು ಟ್ರಂಕು, ಇಷ್ಟನ್ನು ಕಟ್ಟಿಕೊಂಡು ಈ ಮರಾಠಿ ಊರಿನ ಸ್ವಾರಗೇಟ್ ನಿಲ್ದಾಣದಲ್ಲಿ ಬಸ್ಸಿಳಿದವಳು. ಓಣಿಯ ಹೆಂಗಸರ ಬ್ಲೌಸು ಹೊಲಿದು ನನ್ನನ್ನು ಡಿಪ್ಲೊಮಾ ಓದಿಸಿದಳು. ಅವಳದು ಟೇಪಿನ ಅಳತೆ, ನನ್ನದು ಮೈಕ್ರಾನಿನ ಅಳತೆ. "ನಿನ್ನ ಅಳತಿ ಕಬ್ಬಿಣಕ್ಕ ಸರಿ ತಂಗಿ. ಮನಷ್ಯಾರನ್ನ ಅಳಿಯೂದಿದ್ರ ಎರಡ ಬೆರಳು ಸಡ್ಲ ಇಟ್ಟಿರಬೇಕು" ಎಂದು ಕಾಡಿಸುತ್ತಿದ್ದಳು.

ರೋಗ ಮೊದಲು ಕಾಣಿಸಿದ್ದು ಅವಳ ತೊಡೆಯ ಮೇಲೆ. ನೀಲಿ ಕಲೆಗಳು. ಮಷಿನ್ ಮೇಜಿನ ಅಂಚು ಬಡಿದಿರಬೇಕು ಅಂದಳು, ನಾನೂ ಹೌದೆಂದೆ. ಆಮೇಲೆ ಹಲ್ಲುಜ್ಜುವಾಗ ವಸಡಿನಿಂದ ಬಂದ ರಕ್ತ ಅರ್ಧ ಗಂಟೆಯಾದರೂ ನಿಲ್ಲಲಿಲ್ಲ. ಸಂಜೆಯ ರಕ್ತದ ವರದಿ ನೋಡಿದ ಲ್ಯಾಬಿನವರು ನಮ್ಮನ್ನು ಮನೆಗೆ ಹೋಗಲು ಬಿಡದೆ ಸೀದಾ ದೊಡ್ಡ ಆಸ್ಪತ್ರೆಗೆ ಕಳಿಸಿದರು. ಮೂರನೆಯ ದಿನ ಹೆಸರು ತಿಳಿಯಿತು: ರಕ್ತದ ಕ್ಯಾನ್ಸರ್, ಬೇಗ ಏರುವ ಜಾತಿಯದು. ಮೊದಲ ಔಷಧಿಗೆ ಒಂದು ತಿಂಗಳು ಒಳಗಿದ್ದಳು. ಕಾರ್ಖಾನೆಯ ಒಂಬತ್ತು ಜನ ಸಾಲಾಗಿ ಬಂದು ಪ್ಲೇಟ್‌ಲೆಟ್ ಕೊಟ್ಟರು. ಮೂಳೆಯೊಳಗಿನ ಮಜ್ಜೆ ತೆಗೆದು ನೋಡಿದಾಗ ಕೆಟ್ಟ ಕಣ ಕಾಣಲಿಲ್ಲ. ಕಾಣದಿದ್ದರೂ ಅಡಗಿರುತ್ತವೆ, ಇನ್ನೂ ಮೂರು ಸುತ್ತು ಔಷಧಿ ಬೇಕು ಎಂದರು.

ಆ ಮೂರರಲ್ಲಿ ಮೊದಲನೆಯದು ಮುಗಿಸಿ ಮನೆಗೆ ಬಂದ ಹತ್ತನೆಯ ದಿನ ಜ್ವರ ಬಂದು, ಮತ್ತೆ ಹನ್ನೊಂದು ದಿನ ಆಸ್ಪತ್ರೆ. ನನ್ನ ರಜೆಗಳೆಲ್ಲ ಮುಗಿದವು. ಅದೇ ಹೊತ್ತಿಗೆ ಕಾರ್ಖಾನೆಗೆ ದೊಡ್ಡ ಗಿರಾಕಿ ಕಂಪನಿಯವರು ನಮ್ಮ ಅಳತೆಯ ಲೆಕ್ಕ ನೋಡುವ ಆಡಿಟ್ ಬರುವುದಿತ್ತು, ಕಾಗದಪತ್ರವೆಲ್ಲ ನನ್ನ ಕೈಯಲ್ಲಿತ್ತು. ಅವಳನ್ನು ಮನೆಗೆ ಕರೆತಂದ ಸಂಜೆ, ಜೊತೆಯಲ್ಲಿ ಕೆಲಸ ಮಾಡುವವಳು ಫೋನು ಮಾಡಿದಳು. ಮೋರಿಯ ಹತ್ತಿರ ಪಾತ್ರೆ ತಿಕ್ಕುತ್ತ ಮಾತಾಡಿದೆ. ಏನು ಮಾತಾಡಿದೆನೋ ಆಗ ಲಕ್ಷ್ಯವಿರಲಿಲ್ಲ. ಆ ಮಾತಿಗೆ ಮುಂದೆ ಬರುತ್ತೇನೆ.

ಈ ಅರ್ಧ ಹಾಳೆ ಸಿಕ್ಕಿದ್ದು ಎರಡನೆಯ ಸುತ್ತಿನ ನಂತರ. ಈ ಸಲ ಯಾವ ತಪ್ಪೂ ಆಗಬಾರದೆಂದು ಹಟ ಹಿಡಿದೆ. ನೀರು ಇಪ್ಪತ್ತು ನಿಮಿಷ ಕುದಿಸಿದ್ದೇ ಆಗಬೇಕು. ದೇವರ ಹಲಗೆಯಿಂದ ಹೂವು ತೆಗೆದೆ. ಶೇಂಗಾ ಚಟ್ನಿ, ಮೊಸರು, ಹಸಿ ಉಳ್ಳಾಗಡ್ಡಿ ಬಂದ್. "ಉಳ್ಳಾಗಡ್ಡಿ ಇಲ್ಲದ ರೊಟ್ಟಿ ಅಂದ್ರ ಒಣಾ ಕಟಗಿ ತಿಂದಂಗ" ಎಂದು ಅಕ್ಕ ಮುಖ ಸಿಂಡರಿಸಿದರೂ ತಿಂದಳು. ಅವಳ ಮೊಳಕೈ ಮೇಲಿಂದ ಎದೆಯವರೆಗೆ ಔಷಧಿ ಹೋಗುವ ತೆಳುವಾದ ನಳಿಕೆ ಕೂಡಿಸಿದ್ದರು. ಸ್ನಾನಕ್ಕೆ ಮುಂಚೆ ಅದರ ಮೇಲೆ ಪ್ಲಾಸ್ಟಿಕ್ ಸುತ್ತಿ ಎರಡೂ ಕಡೆ ಪಟ್ಟಿ ಅಂಟಿಸುತ್ತಿದ್ದೆ. ಬ್ಲೌಸ್ ಪೀಸು ಹಿಡಿದು ಬಂದ ಗಿರಾಕಿಗಳನ್ನು ಹೊಸ್ತಿಲಲ್ಲೇ ನಿಲ್ಲಿಸಿ ವಾಪಸು ಕಳಿಸಿದೆ. ಸೂಜಿ ಚುಚ್ಚಿದರೆ ರಕ್ತ ನಿಲ್ಲುವುದಿಲ್ಲ ಎಂದು ಹೊಲಿಗೆಗೂ ನಿಷೇಧವಿತ್ತು. ಕೈ ಸುಮ್ಮನಿರದೆ ಅವಳು ಗುಂಡಿಗಳ ಡಬ್ಬಿ ತೊಡೆಯ ಮೇಲಿಟ್ಟುಕೊಂಡು, ಬಣ್ಣದ ಪ್ರಕಾರ ಗುಂಡಿ ಆರಿಸುತ್ತ ಕೂರುತ್ತಿದ್ದಳು. ಆರಿಸಿದ್ದನ್ನು ಮತ್ತೆ ಕೂಡಿಸಿ ಮತ್ತೆ ಆರಿಸುತ್ತಿದ್ದಳು.

ಇದೆಲ್ಲದರ ನಡುವೆ ನನ್ನ ಹೆಮ್ಮೆಯ ವಸ್ತುವೆಂದರೆ ಒಂದು ನೋಟ್‌ಬುಕ್ಕು. ದಿನಕ್ಕೆ ನಾಲ್ಕು ಸಲ ಕಂಕುಳಲ್ಲಿ ಥರ್ಮಾಮೀಟರ್ ಇಟ್ಟು ಬರೆಯುವುದು. ಮುಂಜಾನೆ ಆರೂವರೆ, ಮಧ್ಯಾಹ್ನ ಒಂದು, ಸಂಜೆ ಏಳು, ರಾತ್ರಿ ಹತ್ತು. ಮಧ್ಯಾಹ್ನದ್ದನ್ನು ಪಕ್ಕದ ಮನೆಯ ಮಾವಶಿ ನೋಡಿ ನನಗೆ ಫೋನಿನಲ್ಲಿ ಹೇಳುತ್ತಿದ್ದರು. ನಾನು ಕಾರ್ಖಾನೆಯಲ್ಲಿ ಮಾಡುವಂತೆಯೇ ಗೆರೆ ಹೊಡೆದು, ತಾರೀಖು ಹಾಕಿ, ಪ್ರತಿ ಅಂಕಿಯ ಪಕ್ಕ ಸಹಿ ಮಾಡುತ್ತಿದ್ದೆ. ತಂಗಿ ಅಕ್ಕನ ಜ್ವರದ ಲೆಕ್ಕಕ್ಕೆ ಸಹಿ ಮಾಡುವುದನ್ನು ನೋಡಿ ಮಾವಶಿ ನಕ್ಕಿದ್ದರು.

ಎಂಟನೆಯ ದಿನಕ್ಕೆ ಬಿಳಿಕಣ ಇನ್ನೂರಕ್ಕಿಳಿಯಿತು. ಅಲ್ಲಿಂದ ನನಗೆ ನಿದ್ದೆ ಹಾರಿಹೋಯಿತು. ಭಯವೆಂದರೆ ಎದೆ ಡವಗುಟ್ಟುವುದು ಎಂದು ತಿಳಿದಿದ್ದೆ. ಅದು ಹಾಗಿರಲಿಲ್ಲ. ಹೊಟ್ಟೆಯ ಕೆಳಭಾಗ ಸದಾ ತಣ್ಣಗಿರುತ್ತಿತ್ತು. ಕೆಲಸ ಮಾಡುವಾಗಲೂ, ಉಣ್ಣುವಾಗಲೂ, ಮಂದಿಯ ಜೊತೆ ನಗುವಾಗಲೂ ಅದು ತಣ್ಣಗೇ ಇತ್ತು. ಥರ್ಮಾಮೀಟರ್ ಕುಂಯ್ ಎನ್ನುವವರೆಗೆ ಉಸಿರು ಹಿಡಿದು, ತೊಂಬತ್ತೆಂಟು ಪಾಯಿಂಟ್ ನಾಲ್ಕು ಎಂದು ಕಂಡರೆ ಬಿಡುತ್ತಿದ್ದೆ.

ದೇವರ ದಯೆಯೋ ನನ್ನ ಶಿಸ್ತೋ, ಅಂಕಿ ಅಲ್ಲೇ ನಿಂತಿತ್ತು. ಒಂಬತ್ತನೆಯ ದಿನ ತೊಂಬತ್ತೆಂಟು ಪಾಯಿಂಟ್ ನಾಲ್ಕು. ಹತ್ತನೆಯ ದಿನವೂ ಅದೇ. ಮುಂಜಾನೆ ದಿಂಬಿನ ಹೊದಿಕೆ ಬೆವರಿನಿಂದ ಒದ್ದೆಯಾಗಿತ್ತು. ಕೇಳಿದರೆ, "ಪತ್ರಾದ ಮನಿ, ಬ್ಯಾಸಗಿ ಬ್ಯಾರೆ. ಬೆವರಲಾರ್ದ ಏನ್ ಮಾಡ್ಲಿ?" ಅಂದಳು. ಹೊದಿಕೆ ಬದಲಿಸಿ ಕೆಲಸಕ್ಕೆ ಹೋದೆ. ನನ್ನ ದಿಂಬೂ ಅದೇ ತಗಡಿನ ಸೂರಿನ ಕೆಳಗಿತ್ತು, ಅದು ಒಣಗಿತ್ತು. ಇಷ್ಟು ಸಣ್ಣ ಹೋಲಿಕೆ ಇನ್‌ಸ್ಪೆಕ್ಟರ್ ಮಹಾಶಯೆಯ ತಲೆಗೆ ಹೊಳೆಯಲಿಲ್ಲ.

ಹನ್ನೆರಡನೆಯ ದಿನ ಮಧ್ಯಾಹ್ನ ಎರಡೂವರೆಗೆ ಆಡಿಟ್ಟಿನ ಕಾಗದಗಳನ್ನು ಹರಡಿಕೊಂಡು ಕೂತಿದ್ದೆ. ನಮ್ಮಲ್ಲಿ ಆಪರೇಟರ್ ಪ್ರತಿ ತಾಸಿಗೆ ಒಂದು ಪಿನ್ನು ಅಳೆದು ಅಂಕಿ ಬರೆಯಬೇಕು. ಒಬ್ಬ ಆಪರೇಟರನ ಹಾಳೆ ಕೈಗೆ ಬಂತು. ಕಲಬುರ್ಗಿ ಕಡೆಯವನು, ಎರಡು ಮಕ್ಕಳ ತಂದೆ, ಗಟ್ಟಿ ಕೆಲಸಗಾರ. ಹಾಳೆಯಲ್ಲಿ ಹನ್ನೆರಡು ಅಂಕಿಗಳೂ ಒಂದೇ ಆಗಿದ್ದವು. ನೋಡಿದ ಕೂಡಲೇ ಅವನನ್ನು ಕರೆಸಿದೆ. ಮಷಿನ್ನು ಬಿಸಿಯಾಗುತ್ತದೆ, ಟೂಲು ಸವೆಯುತ್ತದೆ, ಅಂಕಿ ಹಿಂದೆ ಮುಂದೆ ಆಗಲೇಬೇಕು. ಹನ್ನೆರಡು ತಾಸು ಒಂದೇ ಅಂಕಿ ಬಂತೆಂದರೆ ಅಳೆದಿಲ್ಲ ಎಂದರ್ಥ. ನನಗೆ ಕೆಲಸ ಕಲಿಸಿದ ಹಿರಿಯರು ಹೇಳುತ್ತಿದ್ದರು: ಹಾಳೆ ಬಹಳ ಚಂದ ಇದ್ದರೆ ಹಾಳೆ ನೋಡಬೇಡ, ಎದ್ದು ಹೋಗಿ ಮಷಿನ್ ಮುಂದೆ ನಿಲ್ಲು.

"ಇದೇನ್ರಿ?" ಎಂದು ಕೇಳಿದೆ.

ಅವನು ತಲೆ ತಗ್ಗಿಸಿದ. "ತಪ್ಪಾತ್ರಿ ಮೇಡಂ. ಅಂಕಿ ಹೆಚ್ಚುಕಡಿಮಿ ಬಂದ್ರ ನೀವು ಮಷಿನ್ ನಿಂದ್ರಸ್ತೀರಿ. ಎಲ್ಲಾರೂ ನನ್ನ ಸಲುವಾಗಿ ನಿಂದ್ರತಾರ. ನೀವು ಬೇರೆ ಬೈತೀರಿ. ಅದಕ್ಕ ಬರದಬಿಟ್ಟೆ."

ಬಯ್ಯಲು ಬಾಯಿ ತೆರೆದೆ. ಕಣ್ಣು ಪಕ್ಕಕ್ಕೆ ಹೋಯಿತು. ಮೇಜಿನ ಮೇಲೆ, ಆ ಹಾಳೆಯ ಪಕ್ಕದಲ್ಲೇ, ಅಕ್ಕನ ನೋಟ್‌ಬುಕ್ಕು ತೆರೆದು ಬಿದ್ದಿತ್ತು. ಮಾವಶಿ ಒಂದು ಗಂಟೆಗೆ ಹೇಳಿದ ಅಂಕಿಯನ್ನು ಆಗಷ್ಟೇ ಬರೆದು ಸಹಿ ಮಾಡಿದ್ದೆ. ಮೊದಲ ಪುಟದಲ್ಲಿ ತೊಂಬತ್ತೇಳು ಆರು, ತೊಂಬತ್ತೆಂಟು ಎಂಟು, ತೊಂಬತ್ತೆಂಟು, ಹೀಗೆ ಮೈಯ ಬಿಸಿ ಏರಿಳಿದಂತೆ ಅಂಕಿಯೂ ಏರಿಳಿದಿತ್ತು. ಒಂಬತ್ತನೆಯ ದಿನದಿಂದ ಈಚೆಗೆ ತೊಂಬತ್ತೆಂಟರ ಮುಂದೆ ನಾಲ್ಕು, ನಾಲ್ಕು, ಎರಡು, ನಾಲ್ಕು, ನಾಲ್ಕು. ಹಾಳೆ ಬಹಳ ಚಂದ ಇತ್ತು.

ನೋಟ್‌ಬುಕ್ಕು ಎತ್ತಿಕೊಂಡು ಎದ್ದೆ. ಯಾರಿಗೂ ಹೇಳಲಿಲ್ಲ, ಗೇಟಿನಲ್ಲಿ ಸಹಿ ಮಾಡಲಿಲ್ಲ. ರಿಕ್ಷಾ ಹತ್ತಿ ಮನೆಗೆ ಹೋದೆ. ದಾರಿಯುದ್ದಕ್ಕೂ, ನನ್ನ ಸಂಶಯ ಸುಳ್ಳಾಗಲಿ, ಅಕ್ಕ ನನ್ನನ್ನು ನೋಡಿ ನಗಲಿ, ಹುಚ್ಚಿ ಅಂತ ಬಯ್ಯಲಿ ಎಂದು ಬೇಡಿಕೊಂಡೆ.

ಬಾಗಿಲಿಗೆ ಚಿಲಕ ಹಾಕಿರಲಿಲ್ಲ. ಹೊರಗೆ ಸುಡುಬಿಸಿಲು. ಒಳಗೆ ಅಕ್ಕ ಎರಡು ಕೌದಿ ಹೊದ್ದು ಗೋಡೆಗೆ ಮುಖ ಮಾಡಿ ಮಲಗಿದ್ದಳು. ಕೌದಿ ಅಲುಗಾಡುತ್ತಿತ್ತು. ಹತ್ತಿರ ಹೋದಾಗ ಅವಳ ಹಲ್ಲು ಕಟಕಟ ಎನ್ನುವುದು ಕೇಳಿಸಿತು. ಮಧ್ಯಾಹ್ನ ಮೂರೂಕಾಲು ನನ್ನ ವೇಳಾಪಟ್ಟಿಯಲ್ಲಿರಲಿಲ್ಲ. ನನ್ನನ್ನು ಕಂಡವಳೇ ಗುಂಡಿಯ ಡಬ್ಬಿಯನ್ನು ಕೌದಿಯೊಳಗೆ ಎಳೆದುಕೊಂಡಳು.

ಥರ್ಮಾಮೀಟರ್ ನೂರಾ ಎರಡು ಪಾಯಿಂಟ್ ಆರು ತೋರಿಸಿತು. ಡಬ್ಬಿ ಕಸಿದುಕೊಂಡೆ. ಗುಂಡಿ, ಹುಕ್ಕು, ಒತ್ತುಗುಂಡಿಗಳ ಕೆಳಗೆ ಜ್ವರದ ಗುಳಿಗೆಯ ಎರಡು ಪಟ್ಟಿ ಇದ್ದವು. ಒಂದು ಪೂರ್ತಿ ಖಾಲಿ, ಇನ್ನೊಂದರಲ್ಲಿ ಆರು ಉಳಿದಿದ್ದವು. ನಾನು ಅಳೆಯುವ ಒಂದು ತಾಸು ಮುಂಚೆ ಒಂದೊಂದು ನುಂಗುತ್ತಿದ್ದಳು. ಬಿಸಿ ಪಿನ್ನನ್ನು ಅಳೆಯಬಾರದು, ತಣಿದ ಮೇಲೆ ಅಳೆಯಬೇಕು ಎಂದು ನಾನೇ ಅವಳಿಗೆ ನೂರು ಸಲ ಹೇಳಿದ್ದೆ. ಅವಳು ಮೈ ತಣಿಸಿಕೊಂಡು ಅಳೆಸಿಕೊಂಡಿದ್ದಳು.

ಅವಳನ್ನು ಎತ್ತುವ ಮೊದಲು ನಾನು ಬಯ್ದೆ. ಇದನ್ನು ಮುಚ್ಚಿಡುವುದಿಲ್ಲ. ಒಂದು ತಾಸಿನೊಳಗೆ ಆಸ್ಪತ್ರೆ ಎಂಬ ಗೆರೆ ಎಳೆದ ಸಾಲು ಕಣ್ಣ ಮುಂದಿದ್ದಾಗಲೂ, ನಡುಗುತ್ತಿದ್ದ ಅಕ್ಕನ ಮುಂದೆ ಡಬ್ಬಿ ಕುಕ್ಕಿ, "ಸಾಯಾಕ ನಿಂತೀ ಏನ?" ಎಂದು ಕೂಗಿದೆ. ಗುಂಡಿಗಳು ನೆಲದ ತುಂಬ ಉರುಳಿದವು.

"ಒದರಬ್ಯಾಡ ತಂಗಿ" ಅಂದಳು, ನಡುಗುವ ತುಟಿಯಲ್ಲಿ. "ಆವತ್ತ ಮೋರಿ ಮುಂದ ನಿಂತು ಫೋನಿನ್ಯಾಗ ಅಂದ್ಯೆಲ್ಲಾ, ಅಕ್ಕ ಇನ್ನೊಮ್ಮೆ ಅಡ್ಮಿಟ್ ಆದ್ರ ನನ್ನ ನೌಕರಿ ಹೋತು ಅಂತ. ನಾ ಎಚ್ಚರ ಇದ್ದೆ. ಆಡಿಟ್ ಮುಗಿಯೂ ತನಕ ತಡಕೊಂಡ್ರ ಆತು ಅಂದೆ. ಬರೇ ಒಂದ ವಾರದ ಮಾತು."

ಆಗ ನೆನಪಾಯಿತು. ಹೌದು, ಅಂದಿದ್ದೆ. ತಿಕ್ಕುತ್ತಿದ್ದ ಪಾತೇಲಿ, ನಲ್ಲಿಯ ಸದ್ದು, ನನ್ನ ದನಿ ಎಲ್ಲ ನೆನಪಾಯಿತು. ನಾಯಿಯ ಬಾಯಿ ಕಟ್ಟಿದವಳು ನಾನೇ.

ಕೂಗು ಕೇಳಿ ಮಾವಶಿ ಓಡಿ ಬಂದರು. ಇಬ್ಬರೂ ಸೇರಿ ಅವಳನ್ನು ರಿಕ್ಷಾಕ್ಕೆ ಏರಿಸಿದೆವು. ಆಸ್ಪತ್ರೆ ನದಿಯ ಆಚೆ. ಪಾಳಿ ಬಿಡುವ ಹೊತ್ತು, ರಸ್ತೆಯ ತುಂಬ ಕಾರ್ಖಾನೆಗಳ ಬಸ್ಸು. ಸಿಗ್ನಲ್ಲಿನಲ್ಲಿ ನಿಂತಾಗಲೆಲ್ಲ ಅಕ್ಕಾ, ಅಕ್ಕಾ ಎಂದು ಕರೆಯುತ್ತಿದ್ದೆ. ಮೊದಲು ಹೂಂ ಅನ್ನುತ್ತಿದ್ದಳು. ಕೊನೆಯ ಎರಡು ಸಿಗ್ನಲ್ಲಿನಲ್ಲಿ ಅನ್ನಲಿಲ್ಲ. ಮಾವಶಿ ಅವಳ ಅಂಗಾಲು ತಿಕ್ಕುತ್ತ ಅಳುತ್ತಿದ್ದರು. ಓಣಿಯ ಮೂಲೆಯ ಮೆಡಿಕಲ್ಲಿನಿಂದ ಆ ಗುಳಿಗೆ ತಂದುಕೊಟ್ಟದ್ದು ಅವರೇ. "ಅಂಗ ದುಖತಯ್ ಮ್ಹಣಾಲಿ, ಮ್ಹಣೂನ್ ಆಣಲ್ಯಾ" ಎಂದು ಮತ್ತೆ ಮತ್ತೆ ಅಂದರು. ಮೈಕೈ ನೋವು ಎಂದು ಕೇಳಿದವಳಿಗೆ ಗುಳಿಗೆ ತಂದುಕೊಡದ ನೆರೆಯವರು ಯಾರಿದ್ದಾರೆ? ಅವರ ತಪ್ಪೇನಿರಲಿಲ್ಲ.

ತುರ್ತು ವಿಭಾಗದಲ್ಲಿ ಅವಳ ಬಿಪಿ ಎಪ್ಪತ್ತೆಂಟಕ್ಕೆ ಇಳಿದಿತ್ತು. ಕೈಯ ನಳಿಕೆಯಿಂದ ಒಂದು ಬಾಟಲಿ, ಇನ್ನೊಂದು ಕೈಯ ನರದಿಂದ ಒಂದು ಬಾಟಲಿ ರಕ್ತ ತೆಗೆದರು. ಸೋಂಕು ಎಲ್ಲಿಯದೆಂದು ಹುಡುಕುವುದಕ್ಕೆ. ಅದರ ಉತ್ತರಕ್ಕೆ ಒಂದೆರಡು ದಿನ ಬೇಕು, ಅಲ್ಲಿಯವರೆಗೆ ಕಾಯುವಂತಿಲ್ಲವೆಂದು ಕೂಡಲೇ ಆಂಟಿಬಯೋಟಿಕ್ ಏರಿಸಿದರು. ಡಾಕ್ಟರ್ ಬಾಯಿ ಬಂದು, ಜ್ವರ ಯಾವಾಗಿನಿಂದ ಎಂದು ಕೇಳಿ ನೋಟ್‌ಬುಕ್ಕಿಗೆ ಕೈ ಚಾಚಿದರು.

ಕೊಟ್ಟೆ. ಅವರು ಪುಟ ತಿರುವಿದರು. "ಇಲ್ಲಿ ಜ್ವರವೇ ಇಲ್ಲವಲ್ಲ. ಇದನ್ನು ಬರೆದದ್ದು ಯಾರು?"

"ನಾನು" ಅಂದೆ. ಪ್ರತಿ ಅಂಕಿಯ ಪಕ್ಕದಲ್ಲೂ ನನ್ನ ಸಹಿ ಇತ್ತು. ಅವರ ಪೆನ್ನು ತೆಗೆದುಕೊಂಡು ಆ ನಾಲ್ಕು ದಿನಗಳ ಮೇಲೆ ಅಡ್ಡಗೆರೆ ಎಳೆದು, ಸುಳ್ಳು ಎಂದು ಬರೆದು, ಗುಳಿಗೆಯ ವಿಷಯ ಹೇಳಿದೆ. ಅವರು ಸಿಟ್ಟಾಗಲಿಲ್ಲ. ಸಿಟ್ಟಾಗಿದ್ದರೆ ನಾನು ಇಷ್ಟು ಹೆದರುತ್ತಿರಲಿಲ್ಲ. "ನಾಲ್ಕು ದಿನ" ಎಂದಷ್ಟೇ ಹೇಳಿ ಒಳಗೆ ಹೋದರು.

ಅವಳನ್ನು ಐಸಿಯುಗೆ ಹಾಕಿದರು. ಮಧ್ಯಾಹ್ನ ಐದು ನಿಮಿಷ, ಸಂಜೆ ಐದು ನಿಮಿಷ ಒಳಗೆ ಬಿಡುತ್ತಿದ್ದರು. ಉಳಿದ ಹೊತ್ತು ಹೊರಗಿನ ಬೆಂಚು. ಬಾಗಿಲು ತೆರೆದು ರೋಗಿಯ ಹೆಸರು ಕೂಗಿದರೆ ಆ ಮನೆಯವರು ಎದ್ದು ಹೋಗಬೇಕು. ಹೋದವರಲ್ಲಿ ಕೆಲವರು ಔಷಧಿಯ ಚೀಟಿ ಹಿಡಿದು ಬರುತ್ತಿದ್ದರು, ಕೆಲವರು ಅಳುತ್ತ ಬರುತ್ತಿದ್ದರು. ಬಾಗಿಲಿನ ಚಿಲಕ ಸದ್ದಾದಾಗಲೆಲ್ಲ ನಾನು ಬೆಂಚಿನಿಂದ ಅರ್ಧ ಏಳುತ್ತಿದ್ದೆ. ಅಕ್ಕ ಇಲ್ಲದ ಆ ಎರಡು ಕೋಣೆಯನ್ನು ಊಹಿಸಲು ನೋಡಿದೆ. ಮಷಿನ್ನಿನ ಮೇಲೆ ಬಟ್ಟೆ ಮುಚ್ಚಿದ್ದು ಕಂಡಿತು, ಮುಂದೆ ಊಹಿಸಲಾಗಲಿಲ್ಲ.

ಒಳಗೆ ಹೋದಾಗ ಅವಳ ಮುಖ ನೋಡುವ ಧೈರ್ಯ ಸಾಲದೆ ಮಂಚದ ಪಕ್ಕದ ಪಂಪು ನೋಡುತ್ತಿದ್ದೆ. ಬಿಪಿ ಏರಿಸುವ ಔಷಧಿ ತಾಸಿಗೆ ಎಷ್ಟು ಹೋಗುತ್ತಿದೆಯೆಂದು ಅದರಲ್ಲಿ ಕಾಣುತ್ತಿತ್ತು. ಮೊದಲ ಸಂಜೆ ಎಂಟು. ಮರುದಿನ ಮಧ್ಯಾಹ್ನ ಹನ್ನೊಂದು, ಸಂಜೆ ಹದಿನಾಲ್ಕು. ಏರುತ್ತಿದೆ ಎಂದರೆ ಅವಳು ಇಳಿಯುತ್ತಿದ್ದಾಳೆ ಎಂದು ಯಾರೂ ಹೇಳಬೇಕಾಗಿರಲಿಲ್ಲ. ಆ ಸಂಜೆ ಡಾಕ್ಟರ್ ಬಾಯಿ ನನ್ನನ್ನು ಕರೆದು, ಸೋಂಕು ಕೈಯ ನಳಿಕೆಯಲ್ಲೇ ಇದೆಯೆಂದು ಬಾಟಲಿಗಳು ತೋರಿಸಿವೆ, ಅದನ್ನು ತೆಗೆಯುತ್ತೇವೆ, ಆಂಟಿಬಯೋಟಿಕ್ ಬದಲಿಸುತ್ತೇವೆ, ಆಮೇಲೆ ನಮ್ಮ ಕೈಯಲ್ಲಿ ಹೆಚ್ಚೇನಿಲ್ಲ ಎಂದರು. ಊರಿನವರು ಯಾರಾದರೂ ಬಂದು ನೋಡುವುದಿದ್ದರೆ ಬರಲಿ ಎಂದೂ ಹೇಳಿದರು. ಆ ಮಾತಿನ ಅರ್ಥ ನನಗೆ ತಿಳಿಯಿತು. ಊರಿಗೆ ಫೋನು ಮಾಡಲಿಲ್ಲ. ಮಾಡಿದರೆ ಅದು ನಿಜವಾಗಿಬಿಡುತ್ತದೆ ಎನ್ನಿಸಿತು.

ಮೂರನೆಯ ದಿನ ಮಧ್ಯಾಹ್ನ ಪಂಪಿನಲ್ಲಿ ಹದಿಮೂರು ಇತ್ತು. ನಂಬಲಿಲ್ಲ. ಸಂಜೆ ಹತ್ತು. ನರ್ಸ್‌ಗೆ ಮೂರು ಸಲ ಕೇಳಿದೆ. ನಾಲ್ಕನೆಯ ದಿನ ಆರು. ಐದನೆಯ ದಿನ ಪಂಪನ್ನೇ ತೆಗೆದಿದ್ದರು. ಅಕ್ಕ ಕಣ್ಣು ತೆರೆದು ನನ್ನನ್ನು ನೋಡಿ, "ಗುಂಡಿ ಆರಿಸಿಟ್ಟೀ ಏನ?" ಎಂದು ಕೇಳಿದಳು. ಹೊರಗೆ ಬಂದು ಬೆಂಚಿನ ಮೇಲೆ ಕೂತು, ಆವರೆಗೆ ಬಾರದಿದ್ದ ಅಳುವನ್ನೆಲ್ಲ ಅತ್ತೆ. ಬಿಳಿಕಣ ಸೊನ್ನೆಯಿಂದ ನೂರು, ಮುನ್ನೂರು, ಏಳುನೂರು ಎಂದು ಏರಿತು.

ಅವಳು ವಾರ್ಡಿಗೆ ಬಂದ ಮೇಲೆ ರಾಜೀನಾಮೆ ಬರೆದುಕೊಂಡು ಕಾರ್ಖಾನೆಗೆ ಹೋದೆ. ಹೇಳದೆ ಕೇಳದೆ ಗೇಟು ದಾಟಿ ಹೋದವಳನ್ನು ಅವರು ಇಟ್ಟುಕೊಳ್ಳುವುದಿಲ್ಲ ಎಂದು ಗೊತ್ತಿತ್ತು. ಮ್ಯಾನೇಜರ್ ಕಾಗದ ಓದಿ ನನ್ನ ಕಡೆಗೇ ಸರಿಸಿದರು. "ಆಧೀ ಮಲಾ ವಿಚಾರಾಯಚಂ ನಾ" ಅಂದರು, ಮೊದಲು ನನ್ನನ್ನು ಕೇಳಬಾರದಿತ್ತೇ ಎಂದು. "ಆಡಿಟ್ ದರ ವರ್ಷೀ ಯೇತಂ. ಜಾ, ಬಹಿಣೀಕಡೆ ಜಾ." ಆಡಿಟ್ ಪ್ರತಿ ವರ್ಷ ಬರುತ್ತದೆ, ನೀನು ಅಕ್ಕನ ಹತ್ತಿರ ಹೋಗು.

ಕಾಗದ ಹಿಡಿದುಕೊಂಡು ಅಲ್ಲೇ ನಿಂತೆ. ನೌಕರಿ ಹೋಗುತ್ತದೆ ಎಂದು ನನಗೆ ಯಾರೂ, ಎಂದೂ ಹೇಳಿರಲಿಲ್ಲ. ದಣಿವಿಗೆ, ಸಿಟ್ಟಿಗೆ, ಮಾತಿನ ಭರಕ್ಕೆ ನಾನೇ ಹುಟ್ಟಿಸಿಕೊಂಡ ಮಾತು ಅದು. ಇಲ್ಲದ ಒಂದು ಹೆದರಿಕೆಗಾಗಿ ಅಕ್ಕ ತನ್ನ ಜೀವ ಅಡವಿಟ್ಟಿದ್ದಳು.

ಇನ್ನೂ ಒಂದು ಸುತ್ತು ಬಾಕಿ ಇತ್ತು. ಹಿಂದಿನದೇ ಔಷಧಿ, ಹಿಂದಿನದೇ ಎರಡು ವಾರ. ಆಸ್ಪತ್ರೆಯಲ್ಲಿ ಮಂಚ ಖಾಲಿ ಇಲ್ಲದ್ದರಿಂದ ಆ ಎರಡು ವಾರ ಈ ಸಲವೂ ಮನೆಯಲ್ಲೇ ಎಂದರು. ಅವಳನ್ನು ಕರೆತಂದ ದಿನ ನಾನು ಇಡೀ ಮನೆ ಜಾಲಾಡಿದೆ. ಗುಂಡಿ ಡಬ್ಬಿ, ಅಕ್ಕಿ ಡಬ್ಬಿ, ದೇವರ ಹಲಗೆಯ ಹಿಂದೆ, ಮಷಿನ್ನಿನ ಖಾನೆ. ಅಕ್ಕ ಮಂಚದ ಮೇಲೆ ಕೂತು ನೋಡುತ್ತಿದ್ದಳು. "ಜಪ್ತಿ ಮಾಡಾಕ ಬಂದೀರೇನ್ರಿ ಸಾಹೇಬ್ರ?" ಅಂದಳು. ನಗಲು ನೋಡಿದಳು, ಆಗಲಿಲ್ಲ. ಅವಳ ಕಣ್ಣಲ್ಲಿ ಇದ್ದದ್ದನ್ನು ನಾನು ಮೊದಲೇ ಒಮ್ಮೆ ನೋಡಿದ್ದೆ, ಆ ಕಲಬುರ್ಗಿಯ ಆಪರೇಟರನ ಮುಖದಲ್ಲಿ. ಅವನು ಮಷಿನ್ನಿಗೆ ಹೆದರಿ ಸುಳ್ಳು ಬರೆದಿರಲಿಲ್ಲ. ನನಗೆ ಹೆದರಿ ಬರೆದಿದ್ದ.

ಹುಡುಕುವುದನ್ನು ನಿಲ್ಲಿಸಿದೆ. ನೋಟ್‌ಬುಕ್ಕು, ಪೆನ್ನು, ಥರ್ಮಾಮೀಟರು ಮೂರನ್ನೂ ತಂದು ಅವಳ ತೊಡೆಯ ಮೇಲಿಟ್ಟೆ.

"ಇನ್ಮ್ಯಾಲೆ ನೀನ ಅಳಿ, ನೀನ ಬರಿ. ನಾ ನೋಡಂಗಿಲ್ಲ."

"ಮತ್ತ ನಾ ಸುಳ್ಳ ಬರದ್ರ?"

"ಬರಿ. ನಾ ಹೆಂಗ ತಿಳಕೋಬೇಕು? ಆದ್ರ ಒಂದ ಮಾತು. ನನಗ ನೌಕರಿ ಹೋಗೂದ್ರದ ಹೆದರಿಕಿ ಇಲ್ಲ ಅಕ್ಕಾ. ಆವತ್ತ ಸುಮ್ನ ಅಂದಿದ್ದೆ. ನೀ ಹೋದ್ರ ನಾ ಯಾರ ಕಡೆ ಬೈಸಿಕೊಳ್ಳಲಿ?"

ಅವಳು ಥರ್ಮಾಮೀಟರನ್ನು ಗುಂಡಿ ಡಬ್ಬಿಯಲ್ಲಿಟ್ಟು ಮುಚ್ಚಳ ಹಾಕಿದಳು.

ಆ ಹನ್ನೆರಡು ದಿನ ನಾನು ಪಟ್ಟ ಪಾಡು ನನಗೇ ಗೊತ್ತು. ನೋಟ್‌ಬುಕ್ಕು ಕೈಯಳತೆಯಲ್ಲಿದ್ದರೂ ತೆರೆಯಬಾರದು. ಅವಳ ಹಣೆ ಮುಟ್ಟಬೇಕೆನ್ನಿಸಿದಾಗ ಎದ್ದು ನೀರು ಕುದಿಸುತ್ತಿದ್ದೆ. ಆ ದಿನಗಳಲ್ಲಿ ನಮ್ಮ ಮನೆಯಲ್ಲಿ ಕುದಿದಷ್ಟು ನೀರು ಇಡೀ ಓಣಿಯಲ್ಲಿ ಕುದಿದಿರಲಿಲ್ಲ. ಹತ್ತು ಸಲ ಅನ್ನಿಸಿತು, ನಾನು ಮಾಡಿದ್ದು ಹುಚ್ಚುತನ, ಒಮ್ಮೆ ಮೋಸ ಮಾಡಿದವಳ ಕೈಗೆ ಅವಳ ಜೀವವನ್ನೇ ಕೊಟ್ಟು ಕೂತಿದ್ದೇನೆ ಎಂದು. ಆದರೂ ತೆರೆಯಲಿಲ್ಲ.

ಮುಂದೂಡಿದ್ದ ಆಡಿಟ್ ಹದಿಮೂರನೆಯ ದಿನಕ್ಕೆ ಬಂತು. ಗಿರಾಕಿಯ ಕಡೆಯ ಮೂವರು, ನಮ್ಮ ಮ್ಯಾನೇಜರ್, ನಾನು ಮೇಜಿನ ಸುತ್ತ ಕೂತಿದ್ದೆವು. ಹನ್ನೊಂದೂವರೆಗೆ ಜೇಬಿನಲ್ಲಿದ್ದ ಫೋನು ನಡುಗಿತು. ಮೇಜಿನ ಮುಂದೆಯೇ ಕಿವಿಗೆ ಹಿಡಿದೆ.

"ತಂಗೀ" ಅಂದಳು ಅಕ್ಕ. ದನಿ ನಡುಗುತ್ತಿತ್ತು, ಮಾತು ಮಾತ್ರ ಬಿಡಿಬಿಡಿಯಾಗಿ ಬಂತು. "ನೂರಾ ಒಂದು ಪಾಯಿಂಟ್ ಎರಡು ಅದ. ಗುಳಿಗಿ ತಗೊಂಡಿಲ್ಲ. ಮಾವಶಿ ರಿಕ್ಷಾ ನಿಂದ್ರಸ್ಯಾಳ, ಚೀಲ ತುಂಬೇನಿ. ನೀ ಮನಿಗೆ ಬರಬ್ಯಾಡ, ನೇರ ದವಾಖಾನಿಗೆ ಬಾ. ನಂಗ ಭಾಳ ಹೆದರಿಕಿ ಆಗೇದ."

ಎದ್ದು ನಿಂತೆ. ಮ್ಯಾನೇಜರ್ ನನ್ನ ಮುಖ ನೋಡಿ ಬಾಗಿಲ ಕಡೆ ಕೈ ತೋರಿಸಿದರು. ಹೊರಗೆ ಓಡುವಾಗ ನಾನು ಹೆದರಿ ಸತ್ತಿದ್ದೆ, ನಿಜ. ಅದರ ಜೊತೆಗೇ, ಇಷ್ಟು ದಿನಗಳಲ್ಲಿ ಮೊದಲ ಸಲ, ಹೊಟ್ಟೆಯ ಕೆಳಗಿನ ಆ ತಣ್ಣಗಿನದು ಸ್ವಲ್ಪ ಬಿಟ್ಟಿತ್ತು.

ನಾನು ತಲುಪುವ ಹೊತ್ತಿಗೆ ಆಂಟಿಬಯೋಟಿಕ್ ಹನಿ ಹನಿಯಾಗಿ ಇಳಿಯುತ್ತಿತ್ತು. ಜ್ವರ ಕಂಡು ಐವತ್ತು ನಿಮಿಷವಾಗಿತ್ತಂತೆ. ಬಿಪಿ ನೂರಾ ಹತ್ತು. ನೋಟ್‌ಬುಕ್ಕು ಅವಳ ದಿಂಬಿನ ಪಕ್ಕದಲ್ಲಿತ್ತು. "ಈಗ ನೋಡು" ಅಂದಳು. ಬಟ್ಟೆಗೆ ಗುರುತು ಹಾಕುವ ಪೆನ್ಸಿಲ್ಲಿನಿಂದ, ದಪ್ಪ ಕನ್ನಡ ಅಂಕಿಗಳಲ್ಲಿ, ಓರೆಕೋರೆಯಾಗಿ ಬರೆದಿದ್ದಳು. ತೊಂಬತ್ತೇಳು ಒಂಬತ್ತು, ತೊಂಬತ್ತೆಂಟು ಆರು, ತೊಂಬತ್ತೆಂಟು, ತೊಂಬತ್ತೊಂಬತ್ತು ಮೂರು. ಒಂದರಂತೆ ಇನ್ನೊಂದಿರಲಿಲ್ಲ. ನಾನು ಪೆನ್ನು ತೆಗೆದು ಕೊನೆಯ ಅಂಕಿಯ ಪಕ್ಕ ಸಹಿ ಮಾಡಲು ಹೋದೆ, ಅವಳು ನನ್ನ ಕೈಗೆ ಹೊಡೆದಳು.

ಐದು ದಿನಕ್ಕೆ ಆ ಜ್ವರ ಬಿಟ್ಟಿತು. ಮುಂದಿನ ತಿಂಗಳು ಮಜ್ಜೆ ತೆಗೆದು ನೋಡಿದರು, ಕೆಟ್ಟ ಕಣ ಇರಲಿಲ್ಲ. ಈಗ ಮೂರು ತಿಂಗಳಿಗೊಮ್ಮೆ ರಕ್ತ ಕೊಟ್ಟು ಬರುತ್ತೇವೆ, ವರದಿ ಕೈಗೆ ಬರುವವರೆಗೆ ಇಬ್ಬರೂ ಉಣ್ಣುವುದಿಲ್ಲ. ಹೆದರಿಕೆ ಹೋಗಿಲ್ಲ, ಹೋಗುತ್ತದೆಂದು ನನಗೆ ಅನ್ನಿಸುವುದೂ ಇಲ್ಲ.

ಮೊನ್ನೆ ಭಾನುವಾರ ಮಷಿನ್ ತುಳಿಯುತ್ತಿದ್ದವಳು ಎರಡು ಸಲ ಕೆಮ್ಮಿದಳು. ಅಡುಗೆ ಮನೆಯಲ್ಲಿ ನನ್ನ ಕೈ ನಿಂತಿತು. ಏನೂ ಕೇಳದೆ ಮತ್ತೆ ರೊಟ್ಟಿ ಬಡಿಯತೊಡಗಿದೆ. ಮಷಿನ್ನಿನ ಸದ್ದು ನಿಂತಿತು. ಗುಂಡಿ ಡಬ್ಬಿಯ ಮುಚ್ಚಳ ತೆರೆದ ಸದ್ದು, ಸ್ವಲ್ಪ ಹೊತ್ತಿಗೆ ಕುಂಯ್ ಎನ್ನುವ ಸದ್ದು.

"ತೊಂಬತ್ತೆಂಟು ನಾಕು ಅದ" ಎಂದು ಒಳಗಿನಿಂದ ಕೂಗಿದಳು. ಆಮೇಲೆ ತಡೆದು, "ಖರೇನ ಅದ ತಂಗಿ" ಎಂದಳು.

ಹಂಚಿನ ಮೇಲಿನ ರೊಟ್ಟಿ ತಿರುವಿ ಹಾಕಿದೆ.